ಅರ್ಧ ಸೂಜಿ

ಪಾತ್ರೆಯನ್ನು ಒಲೆಯಿಂದ ಇಳಿಸಿ, ಗೋಡೆಗೆ ಆನಿಸಿ, ಎರಡು ಪಾದಗಳ ನಡುವೆ ಬಿಗಿಹಿಡಿದು ವನಜಾ ಹಿಟ್ಟು ತೊಳಸುತ್ತಿದ್ದಳು. ಅರ್ಧ ತೊಳಸಿಯಾಗಿತ್ತು. ಆಗ ನಡುಮನೆಯಿಂದ ಅತ್ತೆ ಕೂಗಿದಳು. ಕಂಬಳಿ ಬೇಕಂತೆ.

ವೈಶಾಖದ ಸೆಕೆ. ಹೊತ್ತು ಇಳಿದಿದ್ದರೂ ಶೀಟಿನ ಮಾಡು ಕಾವು ಕಾರುತ್ತಲೇ ಇತ್ತು. ವನಜಾಳ ರವಿಕೆ ಬೆನ್ನಿಗೆ ಅಂಟಿಕೊಂಡಿತ್ತು. ಇಂಥ ಹೊತ್ತಿನಲ್ಲಿ ಕಂಬಳಿ ಕೇಳಿದರೆ ಅದರ ಅರ್ಥ ಏನೆಂದು ಅವಳಿಗೆ ಕೂಡಲೇ ಹೊಳೆಯಿತು. ಆದರೂ ಕೋಲು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಹಿಟ್ಟು ಗಂಟು ಕಟ್ಟುತ್ತದೆ. ತೊಳಸಿ ಮುಗಿಸಿ, ಕೈ ಒದ್ದೆ ಮಾಡಿಕೊಂಡು ಮುದ್ದೆ ಕಟ್ಟಿ, ತಟ್ಟೆ ಮುಚ್ಚಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಡುಮನೆಗೆ ಬಂದಳು.

ಆಂಜಿನಮ್ಮ ಮಂಚದ ಮೇಲೆ ಮಂಡಿ ಮಡಚಿ ಮುದುರಿಕೊಂಡಿದ್ದಳು. ಚಳಿಗಾಲದಲ್ಲಿ ಅವಳ ಎಡ ಎದೆಯನ್ನು ತೆಗೆದಿದ್ದರು. ಆಮೇಲಿನಿಂದ ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮೂರು ವಾರಕ್ಕೊಮ್ಮೆ ಕೀಮೋ. ಕೂದಲೆಲ್ಲ ಉದುರಿಹೋಗಿ ತಲೆಗೆ ಹಳೆ ಸೀರೆಯ ತುಂಡು ಸುತ್ತಿಕೊಂಡಿದ್ದಳು. ಹಿಂದಿನ ವಾರವಷ್ಟೇ ಇನ್ನೊಂದು ಸಲ ಹಾಕಿಸಿಕೊಂಡು ಬಂದಿದ್ದರು. ವನಜಾ ಹಣೆ ಮುಟ್ಟಿದಳು. ಕಾದ ಹಂಚು ಮುಟ್ಟಿದ ಹಾಗಾಯಿತು.

"ಏನಂಗೆ ನಿಂತ್ಕಂಡು ನೋಡ್ತೀಯ? ಹೊದ್ಸೇ ಕಂಬ್ಳೀನ," ಎಂದಳು ಆಂಜಿನಮ್ಮ. ಹಲ್ಲು ಕಟಕಟ ಎನ್ನುತ್ತಿದ್ದರೂ ಬಾಯಿ ಸೋತಿರಲಿಲ್ಲ. "ಕೂದ್ಲು ಹೋದ ಮ್ಯಾಲೆ ಮಳೆಗಾಲ ಬ್ಯಾಸ್ಗೆ ಎಲ್ಲಾ ಒಂದೇ ಆಗೈತೆ ನಂಗೆ."

ವನಜಾ ಕಂಬಳಿ ಹೊದಿಸಿದಳು. ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು. ಕೀಮೋ ವಾರ್ಡಿನ ಸಿಸ್ಟರ್ ಪ್ರತಿ ಸಲ ಮನೆಗೆ ಕಳಿಸುವಾಗ ಅದನ್ನೇ ಹೇಳುತ್ತಿದ್ದಳು. ಈ ಔಷಧ ಹಾಕಿದ ಮೇಲೆ ರಕ್ತದಲ್ಲಿ ರೋಗಾಣುವಿನ ಜೊತೆ ಹೋರಾಡುವ ಶಕ್ತಿ ಇರುವುದಿಲ್ಲ. ಜ್ವರ ಬಂತೆಂದರೆ ಬೆಳಗಾಗಲಿ ಎಂದು ಕಾಯಬೇಡಿ. ಮನೆಯಲ್ಲಿರುವ ಮಾತ್ರೆ ಕೊಡಬೇಡಿ, ಊರಿನಲ್ಲಿ ಸೂಜಿ ಹಾಕಿಸಬೇಡಿ, ನೇರ ಬನ್ನಿ. ಹೇಳಿ ಮುಗಿಸಿ, ವನಜಾಳ ಬಾಯಿಂದಲೂ ಒಂದು ಸಲ ಹೇಳಿಸುತ್ತಿದ್ದಳು. ವನಜಾ ಶಾಲೆಯ ಹುಡುಗಿಯ ಹಾಗೆ ಒಪ್ಪಿಸುತ್ತಿದ್ದಳು.

ಆದರೆ ಮರುದಿನ ಮದಲೂರಿನಲ್ಲಿ ತಂಗಿ ಧನಲಕ್ಷ್ಮಿಯ ಹೊಸ ಮನೆಯ ಗೃಹಪ್ರವೇಶ. ಮಗಳು ಲೋಹಿತಾ ಚಿಕ್ಕಮ್ಮನಿಗೆ ಸಹಾಯಕ್ಕೆಂದು ಆಗಲೇ ಹೋಗಿದ್ದಳು. ವನಜಾ ಸೀರೆಗೆ ಫಾಲ್ಸ್ ಹಾಕಿಸಿ, ರವಿಕೆ ಹೊಲಿಸಿ, ಬೀರುವಿನಲ್ಲಿ ಇಟ್ಟಿದ್ದಳು. ಚಳಿಗಾಲದಿಂದ ಈಚೆಗೆ ಅವಳು ಕಂಡಿದ್ದು ಆಸ್ಪತ್ರೆಯ ಬೆಂಚು, ಬಸ್ಸಿನ ಕಿಟಕಿ, ಈ ಮನೆಯ ಒಲೆ. ದಿನಕ್ಕೊಂದು ಸಲ ಬೀರು ತೆಗೆದು ಆ ಸೀರೆಯನ್ನು ಮುಟ್ಟಿ ಮತ್ತೆ ಮುಚ್ಚುತ್ತಿದ್ದಳು. ಈಗ ಜ್ವರ ಎಂದು ಬಾಯಿಬಿಟ್ಟರೆ, ಹುಣಸೆಹಣ್ಣಿನ ಬಾಡಿಗೆಗೆ ವಾರದ ಮಟ್ಟಿಗೆ ಹಿಂದೂಪುರಕ್ಕೆ ಹೋಗಿರುವ ಗಂಡ ಮುತ್ತುರಾಜು ಲೋಡು ಅಲ್ಲೇ ಬಿಟ್ಟು ಓಡಿಬರುತ್ತಾನೆ. ಊರಿನಲ್ಲಿ ಬಾಡಿಗೆಗೆ ಸಿಗುವ ದೊಡ್ಡರಂಗಪ್ಪನ ಕಾರು ಬರುತ್ತದೆ. ಆಮೇಲೆ ವಾರಗಟ್ಟಲೆ ಆ ಬೆಂಚಿನ ಮೇಲೆ ಕೂರುವವಳು ವನಜಾನೇ.

ಅವಳು ಹಿತ್ತಲಿಗೆ ಹೋದಳು. ಮಾವ ಓಬಳಯ್ಯ ಹಸುಗಳಿಗೆ ಹುಲ್ಲು ಹಾಕುತ್ತಿದ್ದ.

"ಮಾವ, ಅತ್ತೆಗೆ ಮೈ ಬಿಸಿ ಐತೆ."

"ಜಾಸ್ತಿ ಐತಾ?"

"ಜಾಸ್ತಿ ಏನಿಲ್ಲ. ಬಿಸ್ಲ ಝಳಕ್ಕೆ ಇರ್ಬೇಕು."

ಓಬಳಯ್ಯ ಹುಲ್ಲಿನ ಕಂತೆ ಕೆಳಗಿಟ್ಟ. ಮಗನಿಗೆ ಫೋನ್ ಮಾಡು ಎಂದ. ಆಸ್ಪತ್ರೆಯವರು ಮನೆಯಲ್ಲಿ ಏನೂ ಕೊಡಬೇಡಿ ಎಂದಿದ್ದಾರಲ್ಲ ಎಂದು ಅವನೇ ನೆನಪಿಸಿದ. ವನಜಾ ಗಂಡ ಹಿಂದೂಪುರದಲ್ಲಿರುವುದನ್ನು ಹೇಳಿದಳು. ಬರುವ ವಾರ ರಕ್ತಪರೀಕ್ಷೆಗೆ ಹೇಗೂ ಆಸ್ಪತ್ರೆಗೆ ಹೋಗುವುದಿದೆ ಎಂದಳು. ಅವನು ಹುಲ್ಲಿನ ಕಂತೆಯನ್ನು ಮತ್ತೆ ಎತ್ತಿಕೊಳ್ಳದಿರುವುದನ್ನು ಕಂಡು ಕೊನೆಗೆ ಹೇಳಿದಳು:

"ನೀವೇ ಒಂದು ಸೂಜಿ ಹಾಕ್ಬುಡಿ ಮಾವ. ಊರಿಗೆಲ್ಲ ಹಾಕಿದ ಕೈ."

ಆ ಮಾತು ಎಲ್ಲಿ ಹೋಗಿ ನಾಟುತ್ತದೆಂದು ಅವಳಿಗೆ ತಿಳಿದಿತ್ತು.

ಓಬಳಯ್ಯ ಡಾಕ್ಟರಲ್ಲ. ಹರೆಯದಲ್ಲಿ ಮಧುಗಿರಿಯಲ್ಲಿ ಒಬ್ಬ ಡಾಕ್ಟರ ಹತ್ತಿರ ಕಾಂಪೌಂಡರ್ ಆಗಿದ್ದ. ಆ ಡಾಕ್ಟರು ತೀರಿಕೊಂಡ ಮೇಲೆ ಊರಿಗೆ ಬಂದು, ಸೈಕಲ್ಲಿಗೆ ತಗಡಿನ ಪೆಟ್ಟಿಗೆ ಕಟ್ಟಿಕೊಂಡು, ಐ.ಡಿ.ಹಳ್ಳಿ ಸುತ್ತಿನ ಊರುಗಳಿಗೆಲ್ಲ ಸೂಜಿ ಹಾಕುತ್ತ ತಿರುಗಿದ. ಸೂಜಿ ಓಬಳಯ್ಯ ಎಂದೇ ಹೆಸರಾಯಿತು. ಒಂದು ಬಾಟ್ಲಿ ಔಷಧವನ್ನು ಇಬ್ಬರಿಗೆ ಹಂಚುವುದು ಅವನ ಪದ್ಧತಿ. ಕೂಲಿನಾಲಿ ಮಾಡುವವರಿಗೆ ಪೂರ್ತಿ ಬಾಟ್ಲಿ ಎಲ್ಲಿ ಸಾಧ್ಯ ಎಂದು ಅವನೇ ಕಂಡುಕೊಂಡ ದಾರಿ. ಹಾಗಾಗಿ ಜ್ವರ ಬಂದವರು ಜೊತೆ ಹುಡುಕಿಕೊಂಡು ಬರುತ್ತಿದ್ದರು. ಮೇಲಿನ ಕೇರಿಯವನಿಗೆ ಜ್ವರ ಎಂದು ಗೊತ್ತಾದರೆ ಕೆಳಗಿನ ಕೇರಿಯವನು ಅವನನ್ನು ಕರೆದುಕೊಂಡೇ ಹೊರಡುತ್ತಿದ್ದ. 'ನಾವಿಬ್ರೂ ಸೂಜಿ ಜೊತೆಯೋರು' ಎಂದು ಮದುವೆಮನೆಗಳಲ್ಲಿ ಹೇಳಿಕೊಂಡು ನಗುವವರೂ ಇದ್ದರು. ಜ್ವರ ಇಳಿದ ಮೇಲೆ ಮತ್ತೆ ಯಾರೂ ಬರುತ್ತಿರಲಿಲ್ಲ. ಓಬಳಯ್ಯನೂ ಬನ್ನಿ ಎನ್ನುತ್ತಿರಲಿಲ್ಲ. ಜೊತೆ ಸಿಗದೆ ಉಳಿದ ಅರ್ಧ ಮನೆಯ ಫ್ರಿಜ್ಜಿನ ಬಾಗಿಲಲ್ಲಿ ಕರಿಬೇವಿನ ಪಕ್ಕ ಇರುತ್ತಿತ್ತು. ವನಜಾ ಮದುವೆಯಾಗಿ ಬಂದಾಗಿನಿಂದ ಅದನ್ನು ಸರಿಸಿಯೇ ಸೊಪ್ಪು ತೆಗೆಯುವುದು.

ಹೆಂಡತಿಯ ಎದೆಯ ಗಂಟಿಗೂ ಅವನು ಕೆಲವು ತಿಂಗಳು ಸೂಜಿ ಹಾಕಿದ್ದ. ಬೆಂಗಳೂರಿನಲ್ಲಿ ಅದು ತಿಳಿದು ಎಲ್ಲರೆದುರು ಬೈಸಿಕೊಂಡು ಬಂದ. ಅಂದಿನಿಂದ ಪೆಟ್ಟಿಗೆ ಮಂಚದ ಕೆಳಗೆ ಸೇರಿತು. ಊರಿನವರೂ ಬರುವುದು ಕಡಿಮೆಯಾಯಿತು. ಪಕ್ಕದ ಮನೆಯ ನರಸಮ್ಮನಂಥ ಒಬ್ಬಿಬ್ಬರು ಮಾತ್ರ ಹಿತ್ತಲ ಬಾಗಿಲಲ್ಲಿ ಬಂದು ಹೋಗುತ್ತಿದ್ದರು. ಆ ಬೆಳಿಗ್ಗೆ ನರಸಮ್ಮನ ಕೆಮ್ಮಿಗೆ ಹಾಕಿ ಉಳಿದ ಅರ್ಧ ಫ್ರಿಜ್ಜಿನಲ್ಲಿತ್ತು.

ಓಬಳಯ್ಯ ಸೋಪು ಹಚ್ಚಿ ಮೊಳಕೈವರೆಗೆ ತೊಳೆದುಕೊಂಡ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೊಳೆದ. ಒಳಗೆ ಹೋಗುವಾಗ ಅವನ ಮುಖದಲ್ಲಿ ವನಜಾ ಎಷ್ಟೋ ದಿನದಿಂದ ನೋಡದಿದ್ದ ಒಂದು ಕಳೆ ಇತ್ತು. ಅವಳು ಅಡುಗೆಮನೆಗೆ ಹೋಗಿ ಸಾರಿನ ಕೆಳಗಿನ ಉರಿ ಸರಿಮಾಡುತ್ತ ನಿಂತಳು. ನಡುಮನೆಯಿಂದ ಅತ್ತೆ, ನಿಂದು ಇನ್ನೂ ಬುಟ್ಟಿಲ್ವಾ ಈ ಚಟ, ಎನ್ನುವುದೂ ಮಾವ ನಗುವುದೂ ಕೇಳಿಸಿತು.

ಬೆಳಗಾಗುವಾಗ ಆಂಜಿನಮ್ಮನ ಮೈ ಬೆವೆತು ತಣ್ಣಗಾಗಿತ್ತು. ವನಜಾ ಹಾಲು ಕರೆದು ಡೇರಿಗೆ ಹಾಕಿ, ಅತ್ತೆಗೆ ಗಂಜಿ ಮಾಡಿಟ್ಟು, ಸೀರೆ ಉಟ್ಟು, ಬಸ್ಸು ಹತ್ತಿ ಸಿರಾ ದಾರಿ ಹಿಡಿದಳು.

ಮದಲೂರಿನಲ್ಲಿ ಅವಳನ್ನು ಕಂಡವರೆಲ್ಲ ಎಷ್ಟು ಇಳಿದುಹೋಗಿದ್ದೀಯ ಎಂದರು. ಧನಲಕ್ಷ್ಮಿ ಅಕ್ಕನನ್ನು ಅಡುಗೆಯ ಕಡೆಗೆ ಬಿಡಲಿಲ್ಲ. ಫ್ಯಾನಿನ ಕೆಳಗೆ ಕೂರಿಸಿ, ಇವತ್ತು ನೀನು ಬರೀ ಉಣ್ಣಬೇಕು ಎಂದಳು. ಹೊಸ ಸುಣ್ಣದ ವಾಸನೆ, ಚಪ್ಪರದ ಹಸಿರು, ಚಿಕ್ಕಂದಿನ ಗೆಳತಿಯರು. ಊಟದ ಹೊತ್ತಿಗೆ ಮಾವನಿಗೆ ಫೋನ್ ಮಾಡಿದಳು. ಜ್ವರ ಇಲ್ಲ, ಅನ್ನ ಸಾರು ಉಂಡಳು, ನೀನೇನೂ ಯೋಚನೆ ಮಾಡಬೇಡ ಎಂದ ಓಬಳಯ್ಯ. ವನಜಾ ಎಲೆಯ ಮುಂದೆ ಕೂತು ಒಬ್ಬಟ್ಟಿನ ಮೇಲೆ ತುಪ್ಪ ಹಾಕಿಸಿಕೊಂಡಳು. ಇನ್ನೊಂದು ಬೇಕಾ ಎಂದಾಗ ಬೇಡ ಎನ್ನಲಿಲ್ಲ. ಯಾರೋ ಹೇಳಿದ ಮಾತಿಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲಿನ ವಾರಗಳಲ್ಲಿ ಅವಳಿಗೆ ಮತ್ತೆ ಮತ್ತೆ ನೆನಪಾಗುತ್ತಿದ್ದುದು ಹೇಳಿದ ಸುಳ್ಳಲ್ಲ, ಈ ನಗು. ಆ ಮಾತು ಏನಿತ್ತೆಂಬುದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಮರುದಿನ ಸಂಜೆ ಜ್ವರ ತಿರುಗಿ ಬಂತು. ಈ ಸಲ ವನಜಾ ಕೇಳಲಿಲ್ಲ. ಓಬಳಯ್ಯನೇ ಹೊಸ ಬಾಟ್ಲಿ ಒಡೆದು ಅರ್ಧ ಹಾಕಿದ, ಬೆಳಿಗ್ಗೆ ಇನ್ನರ್ಧ. ಅವಳು ಕೇಳಲೂ ಇಲ್ಲ, ತಡೆಯಲೂ ಇಲ್ಲ. ಮುತ್ತುರಾಜು ಫೋನ್ ಮಾಡಿದಾಗ ಅಮ್ಮನಿಗೆ ಸ್ವಲ್ಪ ಸುಸ್ತು ಎಂದಳು. ಆ ಮಧ್ಯಾಹ್ನ ಗಂಜಿ ಕುಡಿಸಲು ಹೋದರೆ ಆಂಜಿನಮ್ಮ ಅವಳನ್ನು ಗುರುತಿಸದೆ, ಯಾವೂರಮ್ಮಿ ನಿಂದು ಎಂದು ಕೇಳಿದಳು. ಪಾದ ಐಸಿನ ಹಾಗಿತ್ತು. ಉಗುರು ನೀಲಿಗಟ್ಟಿತ್ತು. ಆಗ ವನಜಾ ಬರಿಗಾಲಲ್ಲಿ ದೊಡ್ಡರಂಗಪ್ಪನ ಮನೆಗೆ ಓಡಿದಳು.

ಆಸ್ಪತ್ರೆಯಲ್ಲಿ ಆಂಜಿನಮ್ಮನನ್ನು ನೇರ ಐಸಿಯುಗೆ ಒಯ್ದರು. ಮುತ್ತುರಾಜು ಹಿಂದೂಪುರದಿಂದ ಗೂಡ್ಸ್ ಆಟೊವನ್ನು ಯಾರಿಗೋ ಒಪ್ಪಿಸಿ ಬಂದಿದ್ದ. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹೊರಗೆ ಬಂದು ಮೂವರನ್ನೂ ನಿಲ್ಲಿಸಿಕೊಂಡಳು.

"ಜ್ವರ ಯಾವಾಗ ಶುರುವಾಯ್ತು? ಮನೇಲಿ ಏನು ಕೊಟ್ರಿ? ನಿಜ ಹೇಳಿ. ಬೈಯೋಕಲ್ಲ, ನನಗೆ ಔಷಧ ಆರಿಸೋಕೆ ಬೇಕು."

"ಏನೂ ಕೊಟ್ಟಿಲ್ಲ ಮೇಡಂ," ಎಂದ ಮುತ್ತುರಾಜು. ಅವನಿಗೆ ಗೊತ್ತಿದ್ದುದು ಅಷ್ಟೇ.

ವನಜಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಆಗ ಓಬಳಯ್ಯ ಒಂದು ಹೆಜ್ಜೆ ಮುಂದೆ ಬಂದು, ಔಷಧದ ಹೆಸರು ಹೇಳಿ, ಯಾವ ಯಾವ ಹೊತ್ತಿಗೆ ಎಷ್ಟು ಕೊಟ್ಟೆ ಎಂಬುದನ್ನೆಲ್ಲ ಬಿಡಿಸಿ ಹೇಳಿದ.

"ಯಾರು ಕೊಡೋಕೆ ಹೇಳಿದ್ದು?"

"ಯಾರೂ ಇಲ್ಲ ಕಣಮ್ಮ. ನಾನೇ ಕೊಟ್ಟೆ," ಎಂದ ಓಬಳಯ್ಯ.

ಅವನು ಸೊಸೆಯ ಕಡೆ ತಿರುಗಿಯೂ ನೋಡಲಿಲ್ಲ. ಮುತ್ತುರಾಜು ಆ ಓಣಿಯಂಥ ಜಾಗದಲ್ಲಿ, ಅಷ್ಟು ಜನರ ನಡುವೆ, ಹೆತ್ತ ತಂದೆಯನ್ನು ಏಕವಚನದಲ್ಲಿ ಬೈದ. ಗಂಟಿಗೆ ಸೂಜಿ ಹಾಕಿ ಒಂದು ಸಲ ಹಾಳು ಮಾಡಿದ್ದು ಸಾಲದಾಯಿತೇ ಎಂದ. ಮುದುಕ ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೇಳಿಸಿಕೊಂಡ. ಸೆಕ್ಯೂರಿಟಿಯವನು ಬಂದು ಮೆಲ್ಲಗೆ ಮಾತಾಡಿ ಎಂದ. ವನಜಾ ಗೋಡೆಗೆ ಅಂಟಿಸಿದ್ದ, ಕೈ ತೊಳೆಯುವ ಬಗೆ ತೋರಿಸುವ ಚಿತ್ರಗಳನ್ನು ಒಂದೊಂದಾಗಿ ನೋಡುತ್ತ ನಿಂತಳು.

ಗಂಡ ಉಸಿರು ತೆಗೆದುಕೊಳ್ಳಲು ನಿಂತಾಗ ಹೇಳಬಹುದು ಎಂದುಕೊಂಡಳು. ಆಮೇಲೆ, ಅತ್ತೆಗೆ ಪ್ರಜ್ಞೆ ಬರಲಿ ಎಂದುಕೊಂಡಳು.

ರಕ್ತದ ಕಲ್ಚರ್ ರಿಪೋರ್ಟು ಬಂದ ಮೇಲೆ ಡಾಕ್ಟರಮ್ಮ ಮತ್ತೆ ಕರೆದಳು. ರಕ್ತದಲ್ಲಿ ಸಿಕ್ಕಿರುವ ರೋಗಾಣು ಮಾಮೂಲಿ ಔಷಧಗಳಿಗೆ ಬಗ್ಗುವ ಜಾತಿಯದಲ್ಲ ಎಂದಳು. ಉಳಿದಿರುವುದು ಒಂದು ಹಳೆಯ ಔಷಧ, ಅದು ಕಿಡ್ನಿಗೆ ಪೆಟ್ಟು ಕೊಡುತ್ತದೆ, ಆದರೂ ಅದನ್ನೇ ಕೊಡದೆ ವಿಧಿಯಿಲ್ಲ. ಗುಣವಾದರೆ ಅದೃಷ್ಟ. ಮೈಯಲ್ಲಿ ಹೋರಾಡುವ ಶಕ್ತಿ ಇರುವವರಿಗೆ ಔಷಧ ಅರ್ಧ ಕೆಲಸ ಮಾಡಿದರೂ ಮೈ ಉಳಿದರ್ಧ ಮಾಡುತ್ತದೆ, ಇವರ ಮೈಯಲ್ಲಿ ಆ ಅರ್ಧ ಇಲ್ಲ ಎಂದಳು.

ಓಬಳಯ್ಯ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದ. ಮಗ ಅವನನ್ನು ಒಳಗೆ ಕರೆದಿರಲಿಲ್ಲ.

"ಒಂದು ಮಾತು ಕೇಳ್ಲಾ ಡಾಕ್ಟ್ರಮ್ಮ?" ಎಂದ. "ಒಂದು ಬಾಟ್ಲೀನ ಇಬ್ರಿಗೆ ಹಂಚಿದ್ರೆ ತಪ್ಪಾ?"

ಡಾಕ್ಟರಮ್ಮ ಅವನ ಕಡೆ ತಿರುಗಿ ಹೇಳಿದಳು. "ಅರ್ಧಕ್ಕೆ ಸಾಯೋ ಬಡಪಾಯಿ ರೋಗಾಣು ಸಾಯುತ್ತೆ ಯಜಮಾನ್ರೆ. ಗಟ್ಟಿ ಇರೋದು ಉಳ್ಕೊಳ್ಳುತ್ತೆ. ಉಳಿದಿದ್ದು ಮರಿ ಹಾಕುತ್ತೆ. ಅದು ಒಬ್ಬರಿಂದ ಒಬ್ಬರಿಗೆ ಹೋಗುತ್ತೆ."

"ಅಂಗಾದ್ರೆ ಇವ್ಳಿಗೆ ಬಂದಿರೋದು..."

"ಅದು ಹೇಳೋಕಾಗಲ್ಲ. ಆಸ್ಪತ್ರೇಲೂ ಸಿಗುತ್ತೆ, ಊರಲ್ಲೂ ಸಿಗುತ್ತೆ. ಎಲ್ಲಿಂದ ಅಂತ ಯಾರೂ ಹೇಳೋಕಾಗಲ್ಲ. ಆದ್ರೆ ಜ್ವರ ಬಂದ ದಿನವೇ ಕರ್ಕೊಂಡು ಬಂದಿದ್ರೆ ಇಷ್ಟು ಕಷ್ಟ ಆಗ್ತಿರ್ಲಿಲ್ಲ, ಅದನ್ನ ಮಾತ್ರ ಹೇಳಬಲ್ಲೆ."

ಓಬಳಯ್ಯ ಕೈಯೆತ್ತಿ ಮುಗಿದು ಹೊರಗೆ ಹೋದ. ಊರೆಲ್ಲ ಜೊತೆ ಜೊತೆಗೆ ಕರೆದು ಕೊಟ್ಟೆನಲ್ಲಪ್ಪ ಎಂದು ಅವನು ತನ್ನಷ್ಟಕ್ಕೆ ಹೇಳಿಕೊಂಡದ್ದು ವನಜಾಳಿಗೆ ಮಾತ್ರ ಕೇಳಿಸಿತು. ಡಾಕ್ಟರಮ್ಮನ ಕೊನೆಯ ಮಾತು ಅವನಿಗಲ್ಲ, ತನಗೆ ಸೇರಬೇಕಾದದ್ದು ಎಂದು ಅವಳಿಗೆ ಗೊತ್ತಿತ್ತು.

ಆಂಜಿನಮ್ಮ ಸಾಯಲಿಲ್ಲ. ವಾರಗಳ ಮೇಲೆ ಐಸಿಯುನಿಂದ ವಾರ್ಡಿಗೆ ಬಂದಳು. ಕಿಡ್ನಿ ಸೋತಿತ್ತು, ಕಾಲು ಬಾತಿತ್ತು, ತೂಕ ಇಳಿದು ಬಳೆಗಳು ಮೊಳಕೈಗೆ ಜಾರುತ್ತಿದ್ದವು. ಕೀಮೋ ನಿಂತುಹೋಗಿತ್ತು. ಮೈ ಸುಧಾರಿಸಿದ ಮೇಲೆ ಮತ್ತೆ ಶುರು ಮಾಡುತ್ತೇವೆ, ಅಷ್ಟರಲ್ಲಿ ಆ ಕಾಯಿಲೆ ಎಲ್ಲಿ ತಲೆಯೆತ್ತುತ್ತದೋ ನೋಡಬೇಕು ಎಂದರು. ವನಜಾ ಅವಳ ಬಾಯಿ ತೊಳೆದಳು, ಬಟ್ಟೆ ಬದಲಿಸಿದಳು, ಹುಣ್ಣಾಗದಂತೆ ಹೊತ್ತು ಹೊತ್ತಿಗೆ ಮಗ್ಗುಲು ತಿರುಗಿಸಿದಳು. ಪಕ್ಕದ ಹಾಸಿಗೆಯವರು ಮಗಳಾ ಎಂದು ಕೇಳುತ್ತಿದ್ದರು. ಸೊಸೆ ಎಂದರೆ ಬೆರಗಾಗುತ್ತಿದ್ದರು. ಡಿಸ್ಚಾರ್ಜಿನ ದಿನ ಡಾಕ್ಟರಮ್ಮ ಅವಳ ಭುಜ ತಟ್ಟಿ, ಇವರು ಉಳಿದದ್ದರಲ್ಲಿ ಅರ್ಧ ನಿಮ್ಮ ಕೈ ಎಂದಳು. ವನಜಾ ತಲೆ ತಗ್ಗಿಸಿದಳು. ಅದನ್ನೂ ಎಲ್ಲರೂ ನಾಚಿಕೆ ಎಂದುಕೊಂಡರು. ನಾಚಿಕೆಯೇ, ಆದರೆ ಅವರು ತಿಳಿದದ್ದಲ್ಲ.

ಮನೆಗೆ ಬಂದ ಮೇಲೆ ಮನೆ ಎರಡಾಯಿತು. ಮುತ್ತುರಾಜು ತಗಡಿನ ಪೆಟ್ಟಿಗೆಯನ್ನು ಊರ ಹೊರಗೆ ಒಯ್ದು ಗುಂಡಿ ತೋಡಿ ಹೂತು ಬಂದ. ಅಪ್ಪನ ಹಾಸಿಗೆಯನ್ನು ಜಗಲಿಗೆ ಹಾಕಿದ. ಊಟ ಅಲ್ಲಿಗೇ ಹೋಗುತ್ತಿತ್ತು. ಗಂಡನ ಹೆಸರನ್ನು ಯಾರಾದರೂ ಎತ್ತಿದರೆ ಆಂಜಿನಮ್ಮ ಗೋಡೆಯ ಕಡೆ ತಿರುಗುತ್ತಿದ್ದಳು.

"ನಾನೂ ಬುದ್ಧಿ ಇಲ್ದೋಳು. ಬಂದ ಅಂತ ಕೈ ಕೊಟ್ಟೆ," ಎನ್ನುತ್ತಿದ್ದಳು. "ಮದ್ವೆ ದಿವ್ಸನೂ ಇಂಗೇ ಕೈ ಕೊಟ್ಟಿದ್ದು. ಅವತ್ತೂ ಯಾರೂ ಬ್ಯಾಡ ಅನ್ಲಿಲ್ಲ."

ನರಸಮ್ಮ ದಿನಾ ಜಗಲಿಯ ತನಕ ಬಂದು ವಿಚಾರಿಸಿಕೊಂಡು ಹೋಗುತ್ತಿದ್ದಳು. ಸೋಂಕಿನ ಭಯಕ್ಕೆ ಒಳಗೆ ಬಿಡುವಂತಿರಲಿಲ್ಲ. ಅಲ್ಲೇ ಓಬಳಯ್ಯ ಕೂತಿರುತ್ತಿದ್ದ. ಅವನಿಗೆ ಬೆನ್ನು ಮಾಡಿಕೊಂಡು, ಕಿಟಕಿಯ ಮೂಲಕ ಆಂಜಿನಮ್ಮನಿಗೆ, ನಿನ್ನ ಸೊಸೆ ಪಾದ ತೊಳೆದು ಕುಡೀಬೇಕು ಕಣವ್ವ ಎಂದು ಕೂಗಿ ಹೇಳುತ್ತಿದ್ದಳು. ತನಗೆ ಎಷ್ಟೋ ವರ್ಷದಿಂದ ಸೂಜಿ ಹಾಕಿದವನು ಅವನೇ ಎಂಬುದು ಅವಳ ಮುಖದಲ್ಲಿ ಎಲ್ಲೂ ಇರಲಿಲ್ಲ.

ಲೋಹಿತಾ ಮಾತ್ರ ತಾತನ ತಟ್ಟೆಯ ಪಕ್ಕ ತನ್ನ ತಟ್ಟೆಯನ್ನೂ ಜಗಲಿಗೆ ಒಯ್ಯತೊಡಗಿದಳು. ಪಿಯುಸಿ ಓದುವ ಹುಡುಗಿ. ಮಧುಗಿರಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವವಳು. ಒಂದು ದಿನ ಮುತ್ತುರಾಜು ತಡೆದ.

"ಒಳಗೆ ಕೂತ್ಕಂಡು ಉಣ್ಣು. ಅವ್ನ ಜೊತೆ ಏನು ನಿಂದು?"

"ತಾತ ತಪ್ಪು ಮಾಡೈತೆ, ಒಪ್ಕಂತೀನಿ," ಎಂದಳು ಲೋಹಿತಾ. "ಅದ್ಕೆ ನಾಯಿಗೆ ಇಕ್ಕ್ದಂಗೆ ಇಕ್ತೀರಾ?"

"ನಿಮ್ಮಜ್ಜಿ ಸತ್ತೋಗಿದ್ರೆ ಇಂಗೆ ಮಾತಾಡ್ತಿದ್ದಾ?"

"ಸತ್ತೋಗಿದ್ರೆ ತಾತಾನೂ ಸತ್ತೋಗ್ತಿತ್ತು ಅಪ್ಪ. ನಿಂಗೆ ಕಾಣಲ್ವಾ?" ಹುಡುಗಿ ತಟ್ಟೆ ಎತ್ತಿಕೊಂಡಳು. ಹೊಸಿಲ ಹತ್ತಿರ ನಿಂತು, ಯಾರನ್ನೂ ನೋಡದೆ ಹೇಳಿದಳು. "ಒಂದು ಮಾತ್ರ ಅರ್ಥ ಆಗಲ್ಲ ನಂಗೆ. ಯಾರೂ ಕೇಳ್ದೆ ತಾತ ಸೂಜಿ ಹಿಡಿದಿದ್ದು ನಾನು ನೋಡೇ ಇಲ್ಲ."

ವನಜಾ ಬಡಿಸುತ್ತಿದ್ದ ಸಾರು ತಟ್ಟೆಯ ಅಂಚು ದಾಟಿ ನೆಲಕ್ಕೆ ಬಿತ್ತು. ಬಟ್ಟೆ ತಂದು ಒರೆಸಿದಳು. ಒರೆಸಿದ ಮೇಲೂ ಒರೆಸುತ್ತ ಕೂತಳು.

ಆಷಾಢದ ಗಾಳಿ ಶುರುವಾದಾಗ ಆಸ್ಪತ್ರೆಯಿಂದ ಫೋನ್ ಬಂತು. ಬರುವ ವಾರದಿಂದ ಮತ್ತೆ ಕೀಮೋ, ಸ್ವಲ್ಪ ಕಡಿಮೆ ಪ್ರಮಾಣದಲ್ಲಿ. ಆ ರೋಗಾಣು ಕರುಳಿನಲ್ಲಿ ಇನ್ನೂ ಅಡಗಿರಬಹುದು, ಮತ್ತೆ ಜ್ವರ ಬಂದರೆ ಒಂದು ಗಳಿಗೆಯೂ ತಡ ಮಾಡಬಾರದು ಎಂದು ಮತ್ತೆ ಹೇಳಿದರು. ಮುತ್ತುರಾಜು ಅಂದೇ ತೀರ್ಮಾನಿಸಿದ. ಅಪ್ಪ ಈ ಮನೆಯಲ್ಲಿದ್ದರೆ ಮತ್ತೆ ಸೂಜಿ ಹಿಡಿಯುತ್ತಾನೆ, ಅವನನ್ನು ಪಾವಗಡದ ಅಕ್ಕನ ಮನೆಗೆ ಕಳಿಸುವುದು. ಫೋನಿನಲ್ಲಿ ಅಕ್ಕ ಕಮಲಾಕ್ಷಮ್ಮ, ಪಾವಗಡದ ತೆಲುಗು ಬೆರೆಸಿ, "ನಾಯ್ನನ ಕಳ್ಸಪ್ಪ, ಪರವಾಲೇದು, ನಾನು ನೋಡ್ಕಂತೀನಿ," ಎಂದಳು. ಆಂಜಿನಮ್ಮ, ಹೋಗ್ಲಿ ಬುಡು, ಎಂದಳು. ನಾಳೆ ಬೆಳಗಿನ ಬಸ್ಸು ಎಂದಾಯಿತು. ಓಬಳಯ್ಯ ಎರಡು ಪಂಚೆ, ಎರಡು ಅಂಗಿ ಮಡಚಿ ಬ್ಯಾಗಿಗೆ ಹಾಕಿದ.

ಮಧ್ಯಾಹ್ನದ ಹಾಲು ಕರೆಯುವ ಹೊತ್ತಿಗೆ ವನಜಾ ಕೊಟ್ಟಿಗೆಗೆ ಹೋದಾಗ ಅವನು ಕರು ಹಿಡಿದು ನಿಂತಿದ್ದ. ದಿನಾ ಅವನೇ ಹಿಡಿಯುವುದು. ಆಸ್ಪತ್ರೆಯ ದಿನದಿಂದ ಇಬ್ಬರೂ ಹಾಲು ಕರೆಯುವಾಗ ಮಾತಾಡಿರಲಿಲ್ಲ.

"ಮಾವ," ಎಂದಳು ವನಜಾ, ಹಸುವಿನ ಹೊಟ್ಟೆಗೆ ಹಣೆ ಆನಿಸಿಕೊಂಡು. "ನೀವ್ಯಾಕೆ ಅಂಗಂದ್ರಿ ಅವತ್ತು?"

ಅವನು ಕರುವಿನ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡ.

"ನೀನು ಈ ಮನೇಲಿ ಬಾಳ್ಬೇಕಾದೋಳು. ನಂದೇನೈತೆ," ಎಂದ. ಆಮೇಲೆ, "ಅದೂ ಅಲ್ಲ ಬುಡು. ನೀನು ಕೇಳ್ದೆ, ನಿಜ. ಕೊಟ್ಟೋನು ನಾನು. ಬ್ಯಾಡ ಅಂತ ನಂಗೂ ಗೊತ್ತಿತ್ತು. ಎಷ್ಟೋ ದಿನ ಆಗಿತ್ತು ಕಣಮ್ಮ, ಮನೇವ್ರು ಒಬ್ರು ನನ್ನ ಹತ್ರ ಬಂದು ಕೇಳಿ. ನೀನು ಬಂದು ಕೇಳ್ದಾಗ ಸಂತೋಷ ಆಗೋಯ್ತು. ಹೆಂಡ್ರು ಜ್ವರದಾಗೆ ಬಿದ್ದವ್ಳೆ, ನಂಗೆ ಸಂತೋಷ. ಅದ್ನ ಯಾರ್ಗೆ ಹೇಳ್ಲಿ?"

"ನಾನು ಹೇಳ್ತೀನಿ ಮಾವ. ಅವ್ರಿಗೆ ಹೇಳ್ತೀನಿ."

"ಬ್ಯಾಡ. ಹೇಳಿದ್ರೆ ನಿನ್ನ ಬಿಟ್ಟಾನಾ ಅವ್ನು? ಸುಮ್ಕಿರು," ಎಂದ ಓಬಳಯ್ಯ. "ಇಬ್ರು ಹೊರೋದು ಬ್ಯಾಡ. ಒಬ್ನೇ ಹೊತ್ಕಂಡು ಹೋಗ್ತೀನಿ."

ಕರುವನ್ನು ಬಿಟ್ಟು ಅವನು ಹೊರಗೆ ಹೋದ. ವನಜಾಳಿಗೆ ಅಳು ಬರಲಿಲ್ಲ. ಒಂದು ಬಗೆಯ ನಿರಾಳ ಬಂತು. ಅದು ಬಂದದ್ದನ್ನು ಕಂಡು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಸಂಜೆ ಅತ್ತೆಯ ಮೈ ಒರೆಸುವ ಹೊತ್ತು. ಮೊದಮೊದಲು ಆಂಜಿನಮ್ಮ ಎದೆಯ ಮೇಲೆ ಟವೆಲ್ ಬಿಡದೆ ಹಿಡಿದುಕೊಳ್ಳುತ್ತಿದ್ದಳು. ಆಪರೇಷನ್ ಆದ ಜಾಗವನ್ನು ಗಂಡನಿಗೂ ತೋರಿಸಿರಲಿಲ್ಲ. ಮಗಳು ಪಾವಗಡದಿಂದ ಬಂದಾಗಲೂ ಮುಚ್ಚಿಕೊಂಡಿದ್ದಳು. ಇಂದು ಟವೆಲ್ ಅವಳೇ ತೆಗೆದು ಪಕ್ಕಕ್ಕಿಟ್ಟಳು. ವನಜಾ ಬಿಸಿನೀರಿನಲ್ಲಿ ಬಟ್ಟೆ ಹಿಂಡಿ, ಆ ಉದ್ದನೆಯ ಗಾಯದ ಗೆರೆಯ ಸುತ್ತ ಮೆತ್ತಗೆ ಒರೆಸಿದಳು.

"ಹೆಂಗೈತೆ?" ಎಂದಳು ಆಂಜಿನಮ್ಮ. "ನಾನಿನ್ನೂ ಕನ್ನಡೀಲಿ ನೋಡಿಲ್ಲ."

"ಮಾಗೈತೆ ಅತ್ತೆ."

"ನೀನು ಈ ಮನೆಗೆ ಬಂದಾಗ ನಿನ್ನ ಬಾಳ ಗೋಳು ಹುಯ್ಕಂಡೆ. ನೆನಪೈತಾ? ಮುದ್ದೇಲಿ ಗಂಟು ಅಂತ ತಟ್ಟೆ ತಳ್ಳಿದ್ದೆ."

"ನೆನಪೈತೆ."

"ಅಂಗೇ ಸುಳ್ಳಿಗಾದ್ರೂ ಇಲ್ಲ ಅನ್ನಬಾರ್ದೇನೆ," ಎಂದು ಆಂಜಿನಮ್ಮ ನಕ್ಕಳು. ನಗುವಿನಲ್ಲೇ ಉಸಿರು ಸೋತು ಗೋಡೆಗೆ ತಲೆ ಆನಿಸಿದಳು. ಆಮೇಲೆ ಸೊಸೆಯ ಒದ್ದೆ ಕೈಯನ್ನು ಹಿಡಿದುಕೊಂಡಳು. "ಬರೋ ವಾರ ಮತ್ತೆ ಆ ವಿಷ ಹಾಕ್ತಾರೆ. ಮತ್ತೆ ಜ್ವರ ಬಂದ್ರೆ ಯಾರ್ಗೂ ಹೇಳಲ್ಲ ಕಣೇ, ನಿನ್ನೊಬ್ಳಿಗೇ ಹೇಳೋದು. ಹೆತ್ತ ಮಕ್ಳಿಗಿಂತ ನಿನ್ ಮ್ಯಾಲೆ ಧೈರ್ಯ ನಂಗೆ. ನೀನಾದ್ರೆ ಆ ಗಳಿಗೇಲೇ ಎತ್ಕಂಡು ಓಡ್ತೀಯ."

ವನಜಾಳ ಕೈ ಆ ಕೈಯೊಳಗೆ ಇದ್ದ ಹಾಗೇ ಇತ್ತು. ಬಿಸಿನೀರು ಆರುತ್ತಿತ್ತು. ಹೂಂ ಎನ್ನಬೇಕಾಗಿತ್ತು. ಆಂಜಿನಮ್ಮ ಅದಕ್ಕೆ ಕಾಯಲೂ ಇಲ್ಲ, ಕಣ್ಣು ಮುಚ್ಚಿಕೊಂಡಳು. ಕೇಳಿದ್ದು ಸಿಕ್ಕೇಬಿಟ್ಟಿತು ಎನ್ನುವವಳ ಹಾಗೆ.

ರವಿಕೆ ತೊಡಿಸಿ, ತಲೆಗೆ ಬಟ್ಟೆ ಸುತ್ತಿ, ಮಲಗಿಸಿ ವನಜಾ ಹೊರಗೆ ಬಂದಳು. ಜಗಲಿಯಲ್ಲಿ ಲೋಹಿತಾ ತಾತನ ಫೋನಿಗೆ ಪಾವಗಡದ ಸೋದರತ್ತೆಯ ನಂಬರು ಹಾಕಿಕೊಡುತ್ತಿದ್ದಳು. ಯಾವುದನ್ನು ಒತ್ತಬೇಕೆಂದು ಅವನು ಮತ್ತೆ ಮತ್ತೆ ಕೇಳುತ್ತಿದ್ದ. ಮುತ್ತುರಾಜು ಅಂಗಳದಲ್ಲಿ ಆಟೊ ಒರೆಸುತ್ತಿದ್ದ.

"ಬೆಳಗ್ಗೆ ಎದ್ದೇಟ್ಗೆ ಅಪ್ಪನ್ನ ಬಸ್ಸಿಗೆ ಬಿಟ್ಟು ಬತ್ತೀನಿ," ಎಂದ. "ಏನಾದ್ರೂ ಕಟ್ಟಿಕೊಡು ದಾರಿಗೆ." ಅವಳು ನಿಂತೇ ಇರುವುದನ್ನು ನೋಡಿ, "ಏನು?" ಎಂದ.

"ಏನಿಲ್ಲ."

ಅವಳು ಕೊಡ ಎತ್ತಿಕೊಂಡು ತೊಟ್ಟಿಯ ಕಡೆ ಹೋದಳು. ಅತ್ತೆಗೆ ತಲೆಯ ಮೇಲೆ ನೀರು ಹಾಕುವುದು ವಾರಕ್ಕೊಂದು ದಿನ, ಶುಕ್ರವಾರ. ನಾಳೆ ಶುಕ್ರವಾರವಲ್ಲ. ಆದರೂ ಅವಳು ಬಚ್ಚಲ ಹಂಡೆಗೆ ನೀರು ಹೊತ್ತು ಹಾಕತೊಡಗಿದಳು. ಬಚ್ಚಲ ಬಾಗಿಲು ಒಳಗಿನಿಂದ ಹಾಕಿಕೊಂಡರೆ ಅಲ್ಲಿ ಅತ್ತೆ ಸೊಸೆ ಇಬ್ಬರೇ. ಗಂಡನಿಗೆ ಹೇಳಿದರೆ ಅದು ಜಗಳವಾಗುತ್ತದೆ. ಜಗಳದಲ್ಲಿ ಅಡಗಿಕೊಳ್ಳಲು ಬೇಕಾದಷ್ಟು ಜಾಗ ಇರುತ್ತದೆ. ಹೇಳಬೇಕಾದ್ದು ತನ್ನ ಕೈ ಹಿಡಿದ ಅತ್ತೆಯ ಆ ಕೈಗೆ. ಕಂಬಳಿ ಕೇಳಿದಾಗಲೇ ಗೊತ್ತಿತ್ತು ಎಂಬುದನ್ನು, ಮದಲೂರಿನ ಊಟವನ್ನು, ಎರಡನೆಯ ಒಬ್ಬಟ್ಟನ್ನು, ಎಲ್ಲವನ್ನೂ. ಆಮೇಲೆ ಆಂಜಿನಮ್ಮ ಟವೆಲ್ ಎಳೆದು ಎದೆ ಮುಚ್ಚಿಕೊಳ್ಳಬಹುದು. ಇನ್ನೆಂದೂ ತೆಗೆಯದಿರಬಹುದು. ಅದನ್ನೂ ನೋಡಬೇಕು.

ಹಂಡೆ ತುಂಬಿತು. ವನಜಾ ಒಲೆಯ ಬೂದಿ ಬಾಚಿ ತೆಗೆದು, ಒಣ ತೆಂಗಿನ ಗರಿ, ಎರಡು ಸೌದೆ ಜೋಡಿಸಿ, ಬೆಂಕಿಕಡ್ಡಿಯ ಪೊಟ್ಟಣವನ್ನು ಕೈಗೆ ಸಿಗುವ ಹಾಗೆ ಗೂಡಿನಲ್ಲಿಟ್ಟಳು. ಮಾವ ಹತ್ತಬೇಕಾದ ಮೊದಲ ಬಸ್ಸು ಬರುವ ಮುಂಚೆ ನೀರು ಕಾಯಬೇಕಾಗಿತ್ತು.